ಹೆಗಲ ಮೇಲಿನ ಅಂಗಡಿ

ಶಿಕಾರಿಪುರ ತಾಲ್ಲೂಕಿನ ಬಳ್ಳಿಗಾವೆಗೆ ಬರುವ ಯಾತ್ರಿಕರು ಕೇದಾರೇಶ್ವರನ ಸನ್ನಿಧಿಯಲ್ಲಿ ಕೈಮುಗಿದು, ತ್ರಿಪುರಾಂತಕ ದೇವಾಲಯದ ಶಿಲ್ಪಕ್ಕೆ ತಲೆದೂಗಿ, 1047ರಲ್ಲಿ ನಿಲ್ಲಿಸಿದ ಗಂಡಭೇರುಂಡ ಸ್ತಂಭವನ್ನು ಕತ್ತೆತ್ತಿ ನೋಡಿ, ಶಿರಾಳಕೊಪ್ಪದ ಬಸ್ಸಿಗೆ ಹೊತ್ತಾಯಿತೆಂದು ಹಿಂದಿರುಗುವುದೇ ವಾಡಿಕೆ. ಆ ಊರಿನ ಶಾಸನಗಳಲ್ಲಿ ಏನಿದೆಯೆಂದು ನಿಂತು ವಿಚಾರಿಸುವವರು ವಿರಳ. ಬನವಾಸಿ ಪನ್ನಿರ್ಚ್ಛಾಸಿರವೆಂಬ ನಾಡಿಗೆ ರಾಜಧಾನಿಯಾಗಿ ಮೆರೆದ ಈ ಪಟ್ಟಣದ ಬರಹಗಳನ್ನು ಬಿ. ಎಲ್. ರೈಸ್ ಅವರು 1902ರಲ್ಲಿ ‘ಎಪಿಗ್ರಾಫಿಯ ಕರ್ನಾಟಿಕ’ದ ಏಳನೆಯ ಸಂಪುಟದಲ್ಲಿ ಪ್ರಕಟಿಸಿದರು. ಅವುಗಳಲ್ಲಿ ಹನ್ನೊಂದನೆಯ ಶತಮಾನದ ಒಂದು ಶಾಸನ ಅಯ್ಯಾವೊಳೆಯ ಐನೂರ್ವರೆಂಬ ವರ್ತಕ ಸಂಘದ ಪ್ರಶಸ್ತಿಯನ್ನು, ಎಂದರೆ ಗುಣಗಾನವನ್ನು, ಒಳಗೊಂಡಿದೆ. ಚೇರ, ಚೋಳ, ಪಾಂಡ್ಯ, ಮಗಧ, ನೇಪಾಳ ಮೊದಲಾದ ದೇಶಗಳನ್ನು ನೆಲದ ದಾರಿಯಿಂದಲೂ ನೀರಿನ ದಾರಿಯಿಂದಲೂ ಸಂಚರಿಸಿ, ಆನೆ, ಕುದುರೆ, ನೀಲ, ಮುತ್ತು, ಮಾಣಿಕ್ಯ, ವಜ್ರಗಳನ್ನೂ ಏಲಕ್ಕಿ, ಲವಂಗ, ಶ್ರೀಗಂಧ, ಕರ್ಪೂರ, ಕಸ್ತೂರಿಗಳನ್ನೂ ವಿಕ್ರಯಿಸುತ್ತಿದ್ದ ಆ ವರ್ತಕರು, ಸರಕನ್ನು ಒಟ್ಟಾಗಿ ಮಾರುತ್ತಿದ್ದುದನ್ನು ಹೇಳಿಕೊಂಡಂತೆಯೇ, ಹೆಗಲ ಮೇಲೆ ಹೊತ್ತು ಊರೂರು ತಿರುಗಿ ಮಾರುತ್ತಿದ್ದುದನ್ನೂ ಯಾವ ಸಂಕೋಚವೂ ಇಲ್ಲದೆ ಕಲ್ಲಿನಲ್ಲಿ ಕೆತ್ತಿಸಿದ್ದಾರೆ.

ವರ್ತಕ ಸಂಘಗಳ ಇಂತಹ ಪ್ರಶಸ್ತಿಗಳು ಬಹುತೇಕ ದಾನಶಾಸನಗಳ ಅಂಗವಾಗಿಯೇ ದೊರೆಯುತ್ತವೆ ಎಂಬುದನ್ನು ಇಲ್ಲಿ ಗಮನಿಸಬೇಕು. ದೇವಾಲಯಕ್ಕೆ ಏನನ್ನಾದರೂ ಕೊಟ್ಟ ಮೇಲೆ ತಾವು ಯಾರು, ಎಲ್ಲಿಯವರು, ಎಂತಹ ಸರಕಿನವರು, ಎಂತಹ ನಡತೆಯವರು ಎಂಬುದನ್ನು ಹೇಳಿಕೊಳ್ಳುವ ಹಕ್ಕು ಅವರಿಗೆ ಬಂದಿತು. ನಾಲ್ಕು ದಿಕ್ಕಿನ ಜನ ಬಂದು ಸೇರುವ ಸ್ಥಳದಲ್ಲಿ ಆ ಮಾತು ನಿಂತಿತು. ಇಂದು ಮೊಬೈಲಿನಲ್ಲಿ ಸಣ್ಣದೊಂದು ವ್ಯಾಪಾರವನ್ನು ತೆರೆದು, ಜಾಹೀರಾತಿಗೆ ಕೈಯಲ್ಲಿ ಹಣವಿಲ್ಲದೆ, ತಾನಿರುವ ಸಂಗತಿಯನ್ನು ಲೋಕಕ್ಕೆ ಹೇಗೆ ತಿಳಿಸಲೆಂದು ಚಿಂತಿಸುವ ಸೊರಬದ ಹೆಣ್ಣುಮಗಳಿಗೂ ಶಿಕಾರಿಪುರದ ತರುಣನಿಗೂ ಬೇಕಾದ ಉತ್ತರದ ಬಹುಭಾಗ ಆ ಕಲ್ಲಿನಲ್ಲಿಯೇ ಇದೆಯೆಂದು ನಾನು ನಂಬಿದ್ದೇನೆ.

ಕಲ್ಲಿನಲ್ಲಿ ಬರೆಯಿಸುವ ಶಕ್ತಿಯಿಲ್ಲದವರಿಗೆ ಸಂತೆಯಿತ್ತು, ಜಾತ್ರೆಯಿತ್ತು, ತಮಟೆ ಬಡಿದು ಡಂಗುರ ಸಾರುವವನ ಕಂಠವಿತ್ತು. ಇವೆಲ್ಲಕ್ಕಿಂತಲೂ ಮಿಗಿಲಾದ ಸಾಧನವೊಂದು ನಮ್ಮ ಸಂತೆಗಳಲ್ಲಿ ಬಹುಕಾಲದಿಂದ ನಡೆದುಬಂದಿತು; ಅದಕ್ಕೆ ಕೊಸರು ಎಂದು ಹೆಸರು. ಸೇರಿನಲ್ಲಿ ಅಳೆದು, ಅಂಗೈಯಿಂದ ಮೇಲ್ಭಾಗವನ್ನು ಸವರಿ, ಲೆಕ್ಕಕ್ಕೆ ಸರಿಯಾಗಿ ಸುರಿದ ಮೇಲೆ, ಗಿರಾಕಿ ಬಾಯಿ ಬಿಡುವುದಕ್ಕೆ ಮುಂಚೆಯೇ ಒಂದು ಹಿಡಿಯನ್ನು ಚೀಲಕ್ಕೆ ಹಾಕುವ ಕೈಯನ್ನು ನಾನು ಬಾಲ್ಯದಲ್ಲಿ ಆನವಟ್ಟಿಯ ಕಡೆ ಎಷ್ಟೋ ಸಲ ನೋಡಿದ್ದೇನೆ. ಬೆಲ್ಲದ ವ್ಯಾಪಾರಿ ಅಚ್ಚಿನ ಮೂಲೆಯನ್ನು ಮುರಿದು ಮಗುವಿನ ಕೈಗೆ ಕೊಡುತ್ತಿದ್ದನು. ಆ ಒಂದು ಹಿಡಿ, ಆ ಒಂದು ಚೂರು, ಮನೆಗೆ ಹೋಗಿ ನೆರೆಹೊರೆಗೆ ಹಬ್ಬಿ ಮುಂದಿನ ವಾರ ನಾಲ್ಕು ಜನರನ್ನು ಅದೇ ಗೋಣಿಯ ಮುಂದೆ ತಂದು ನಿಲ್ಲಿಸುತ್ತಿತ್ತು. ಜಾಹೀರಾತೆಂಬ ಮಾತನ್ನೇ ಅರಿಯದ ಜನ ಅದರ ಸಾರವನ್ನು ಪೂರ್ಣವಾಗಿ ಅರಿತಿದ್ದರು.

ಸೊರಬ, ಸಾಗರಗಳ ಗುಡಿಗಾರರ ಹೆಸರು ಹೊರಗೆ ಹಬ್ಬಿದ ಬಗೆಯೂ ಇದಕ್ಕೆ ಸಮೀಪವಾದುದೇ. ಎಲೆಬಳ್ಳಿಗಳ ಹೆಣಿಗೆಯ ನಡುವೆ ದೇವತಾಮೂರ್ತಿಯನ್ನು ಕೂರಿಸಿದ ಅವರ ಶ್ರೀಗಂಧದ ಪೆಟ್ಟಿಗೆಗಳು ಕಾಣಿಕೆಯಾಗಿ ಕೈಯಿಂದ ಕೈಗೆ ಸಾಗಿ ತಮ್ಮ ಕುಶಲತೆಯನ್ನು ತಾವೇ ಸಾರಿದವು. ರೈಸ್ ಅವರು ತಮ್ಮ ಮೈಸೂರು ಗೆಜೆಟಿಯರಿನಲ್ಲಿ ಆ ಕೆತ್ತನೆಯನ್ನು ವಿವರವಾಗಿ ವರ್ಣಿಸಿದರು.

ಅಂಚೆ ಬಂದುದು ಈ ಕಥೆಯಲ್ಲಿ ದೊಡ್ಡ ತಿರುವು. 1877ರಲ್ಲಿ ವಿ.ಪಿ.ಪಿ. ವ್ಯವಸ್ಥೆಯೂ, 1879ರಲ್ಲಿ ಕಾಲಾಣೆಯ ಕಾರ್ಡೂ ಪ್ರಚಾರಕ್ಕೆ ಬಂದೊಡನೆ, ಕಾಣದ ಊರಿನ ಕಾಣದ ಮನುಷ್ಯನಿಗೆ ಸರಕನ್ನು ಕಳುಹಿಸಿ, ಅವನು ಕಟ್ಟನ್ನು ಕೈಗೆ ತೆಗೆದುಕೊಳ್ಳುವಾಗ ಹಣವನ್ನು ಪಡೆಯುವ ವ್ಯಾಪಾರ ಸಾಧ್ಯವಾಯಿತು. ಸರಕು ಬಂದ ಮೇಲೆ ಹಣವೆಂಬ ಇಂದಿನ ಆನ್‌ಲೈನ್ ಪದ್ಧತಿ ಅದರ ನೇರ ಸಂತಾನ. ಕನ್ನಡ ಪತ್ರಿಕೆಗಳ ಕೊನೆಯ ಪುಟಗಳಲ್ಲಿ ಕೇಶತೈಲ, ಪಂಚಾಂಗ, ಲೇಹ್ಯ, ಕಾದಂಬರಿಗಳ ಪುಟ್ಟ ಪ್ರಕಟಣೆಗಳು ಕಿಕ್ಕಿರಿದುದು ಈ ಸೌಕರ್ಯದಿಂದಲೇ. ಆದರೆ ಅಂಚೆಯೊಂದನ್ನೇ ನಂಬಿ ಕುಳಿತುಕೊಳ್ಳದವರೂ ಇದ್ದರು. ಸೊರಬದ ನೆರೆಯ ಹಾವೇರಿ ಸೀಮೆಯಲ್ಲಿ ಬಾಳಿದ ಕಾದಂಬರಿಕಾರ ಗಳಗನಾಥರು (1869-1942), ಅಗಡಿಯ ಆನಂದವನದಿಂದ 1907ರಲ್ಲಿ ಆರಂಭವಾದ ‘ಸದ್ಬೋಧ ಚಂದ್ರಿಕೆ’ ಪತ್ರಿಕೆಯ ಮೂಲಕ ಮನೆಮನೆಯ ಓದುಗರನ್ನು ಗಳಿಸಿದ ಮಹನೀಯರು, ತಮ್ಮ ಪುಸ್ತಕಗಳ ಗಂಟನ್ನು ತಾವೇ ಹೊತ್ತು ಊರೂರು ಅಲೆದು ಮಾರಿದರು. ಬಳ್ಳಿಗಾವೆಯ ಕಲ್ಲು ಹೇಳುವ ಹೆಗಲ ವ್ಯಾಪಾರಕ್ಕೆ ಇದಕ್ಕಿಂತ ಘನವಾದ ಉತ್ತರಾಧಿಕಾರಿ ಎಲ್ಲಿ ದೊರೆತಾನು! ಬರೆದವನೇ ಬಾಗಿಲಿಗೆ ಬಂದು, ಇದು ನಾನು ಬರೆದದ್ದು, ಓದಿ ನೋಡಿ ಎಂದಾಗ ಆ ಮಾತಿಗೆ ಬರುವ ತೂಕ ಅಚ್ಚಾದ ಪ್ರಕಟಣೆಗೆ ಎಂದಿಗೂ ಬಾರದು.

ಹಣವಿಲ್ಲದೆ ಮಾತೊಂದು ನಾಡನ್ನು ಹೇಗೆ ವ್ಯಾಪಿಸಬಲ್ಲುದೆಂಬುದಕ್ಕೆ ಶಿಕಾರಿಪುರ ತಾಲ್ಲೂಕಿನಲ್ಲಿಯೇ ಒಂದು ಪೂಜ್ಯ ನಿದರ್ಶನವಿದೆ. 1942ರಲ್ಲಿ ತಾನು ಸ್ವತಂತ್ರವೆಂದು ಸಾರಿಕೊಂಡು, 1943ರ ಮಾರ್ಚಿನಲ್ಲಿ ತನ್ನ ಐವರು ಮಕ್ಕಳನ್ನು ನೇಣುಗಂಬಕ್ಕೆ ಒಪ್ಪಿಸಿದ ಈಸೂರಿನ ಘೋಷಣೆ, ‘ಏಸೂರು ಕೊಟ್ಟರೂ ಈಸೂರು ಕೊಡೆವು’ ಎಂಬುದು, ಕಾಗದವನ್ನೂ ಕಾಸನ್ನೂ ಬೇಡದೆ ಕನ್ನಡಿಗರೆಲ್ಲರ ನಾಲಗೆಗೆ ಬಂದಿತು. ಆ ತ್ಯಾಗವನ್ನು ವ್ಯಾಪಾರದ ಮಾತಿಗೆ ಎಳೆಯುವುದು ನನ್ನ ಉದ್ದೇಶವಲ್ಲ. ಊರಿನ ಹೆಸರು ಮಾತಿನ ಹೊಕ್ಕುಳಾಗಿ, ಆ ಮಾತಿನ ಹಿಂದೆ ನಿಜವಾದ ನಡತೆಯಿದ್ದರೆ ಅದು ತಾನಾಗಿ ಹರಡುತ್ತದೆಂಬುದನ್ನು ಮಾತ್ರ ನಮ್ರತೆಯಿಂದ ಕಾಣಿಸುತ್ತಿದ್ದೇನೆ.

ಅಂತರ್ಜಾಲದ ಯುಗ ಇದೇ ತತ್ತ್ವವನ್ನು ಹೊಸದಾಗಿ ಕಂಡುಕೊಂಡಿತು. ಬೆಂಗಳೂರಿನಲ್ಲಿ ಬೆಳೆದ ಸಬೀರ್ ಭಾಟಿಯಾ, ಜ್ಯಾಕ್ ಸ್ಮಿತ್ ಅವರೊಡಗೂಡಿ 1996ರ ಜುಲೈ 4ರಂದು ಅಮೆರಿಕದಲ್ಲಿ ಹಾಟ್‌ಮೇಲ್ ಅನ್ನು ತೆರೆದಾಗ, ಬಳಕೆದಾರರು ಕಳುಹಿಸುವ ಪ್ರತಿಯೊಂದು ಪತ್ರದ ಅಡಿಯಲ್ಲಿಯೂ, ನೀವೂ ಉಚಿತವಾಗಿ ಇಂತಹ ಅಂಚೆಪೆಟ್ಟಿಗೆಯನ್ನು ಪಡೆಯಿರೆಂಬ ಒಂದು ಸಾಲು ತಾನಾಗಿ ಸೇರುತ್ತಿತ್ತು. ಮರುವರ್ಷದ ಕೊನೆಗೆ ಮೈಕ್ರೋಸಾಫ್ಟ್ ಅದನ್ನು ಕೊಳ್ಳುವ ವೇಳೆಗೆ ಬಳಕೆದಾರರು 80 ಲಕ್ಷವನ್ನು ಮೀರಿದ್ದರು. ಪರಿಚಿತನ ಪತ್ರದ ಕೆಳಗೆ ಬಂದುದರಿಂದ ಆ ಸಾಲಿಗೆ ಪರಿಚಿತನದೇ ವಿಶ್ವಾಸ ದೊರೆಯಿತು.

ನಮ್ಮ ಸೀಮೆಗೆ ಈ ಅನುಕೂಲ ನಿಜವಾಗಿ ತಲುಪಿದ್ದು 2016ರ ಈಚೆಗೆ. ಇಂಟರ್‌ನೆಟ್ ಅಗ್ಗವಾದುದೂ, ಯುಪಿಐ ಮೂಲಕ ಹಣ ಕ್ಷಣದಲ್ಲಿ ಕೈಸೇರುವಂತಾದುದೂ ಆ ವರ್ಷದಲ್ಲಿಯೇ. 2018ರಲ್ಲಿ ವ್ಯಾಪಾರಕ್ಕೆಂದೇ ಉಚಿತವಾದ ವಾಟ್ಸ್ಆ್ಯಪ್ ಬಂದಿತು. ಸೊರಬ ತಾಲ್ಲೂಕಿನ ಹಳ್ಳಿಯೊಂದರಲ್ಲಿರುವ ನನ್ನ ಸೋದರತ್ತೆಯ ಮಗಳು ಅಪ್ಪೆಮಿಡಿಯ ಉಪ್ಪಿನಕಾಯಿಯನ್ನು ಮಾರತೊಡಗಿದ್ದು ಆಮೇಲೆ. ಮೊದಲು ಯಾರದೋ ಮಾತಿಗೆ ಮರುಳಾಗಿ ಜಾಹೀರಾತಿಗೆ ಮೂರು ಸಾವಿರ ರೂಪಾಯಿ ತೆತ್ತಳು. ಲೈಕುಗಳು ಬಂದವು, ಗಿರಾಕಿಗಳು ಬರಲಿಲ್ಲ. ಅನಂತರ ಹೇಗೆ ವ್ಯಾಪಾರ ಹಿಡಿಯಿತೆಂದು ಕೇಳಿದಾಗ ಅವಳೆಂದಳು: “ನಾನೇನ್ ಹೆಚ್ಚಿಗೆ ಮಾಡ್ಲಿಲ್ಲ ಅಣ್ಣಾ. ಅಪ್ಪಯ್ಯ ಮರ ಹತ್ತಿ ಮಿಡಿ ಕೊಯ್ಯೋದನ್ನ ಫೋನಲ್ಲಿ ಹಿಡಿದು ಸ್ಟೇಟಸ್ಸಿಗೆ ಹಾಕಿದೆ, ಅಷ್ಟೆ.”

ಅಷ್ಟೇ ಅಲ್ಲವೆಂಬುದನ್ನು ನಾನು ಅವಳ ಜಗಲಿಯಲ್ಲಿ ಕುಳಿತು ಕಂಡೆನು. ನೆಲಕ್ಕೆ ಬಿದ್ದು ಪೆಟ್ಟಾದ ಮಿಡಿಯನ್ನು ಬೇರೆ ತೆಗೆದಿಟ್ಟು, ತೊಟ್ಟಿರುವುದನ್ನು ಮಾತ್ರ ಉಪ್ಪಿಗೆ ಹಾಕಿ, ಮಿಡಿ ಚಿರುಟಿದ ಮೇಲೆ ಖಾರ ಬೆರೆಸಿ, ಡಬ್ಬಿಯ ಬಾಯಿಗೆ ಪ್ಲಾಸ್ಟಿಕ್ ಹಾಳೆ ಕಟ್ಟಿ, ಮುಚ್ಚಳದ ಸುತ್ತ ಟೇಪು ಸುತ್ತಿ, ಹಳೆಯ ಪತ್ರಿಕೆಯ ಉಂಡೆಗಳನ್ನು ರಟ್ಟಿನ ಪೆಟ್ಟಿಗೆಯ ಮೂಲೆಗಳಿಗೆ ತುರುಕಿ, ಕೊನೆಯಲ್ಲಿ ಇನ್ನೊಂದು ಬಗೆಯ ಉಪ್ಪಿನಕಾಯಿಯ ಪುಟ್ಟ ಪೊಟ್ಟಣವೊಂದನ್ನು ಬೆಲೆಯಿಲ್ಲದೆ ಇಡುತ್ತಾಳೆ. ಅದೇ ಕೊಸರು! ಡಬ್ಬಿಯ ಮೇಲೆ ಊರಿನ ಹೆಸರಿದೆ, ಮಾಡಿದ ತಿಂಗಳಿದೆ, ಆಹಾರ ಸುರಕ್ಷತಾ ಪ್ರಾಧಿಕಾರದ 14 ಅಂಕಿಯ ನೋಂದಣಿ ಸಂಖ್ಯೆಯಿದೆ. ಸಣ್ಣ ತಯಾರಕರಿಗೆ ವರ್ಷಕ್ಕೆ 100 ರೂಪಾಯಿ ಶುಲ್ಕದ ಆ ನೋಂದಣಿಗಿಂತ ಅಗ್ಗವಾದ, ಅದಕ್ಕಿಂತ ಗೌರವಯುತವಾದ ಜಾಹೀರಾತನ್ನು ನಾನು ಕಾಣೆ. ಒಮ್ಮೆ ದಾರಿಯಲ್ಲಿ ಡಬ್ಬಿಯೊಡೆದು ಪಾರ್ಸೆಲೆಲ್ಲ ಎಣ್ಣೆಯಾಯಿತೆಂದು ಬೆಂಗಳೂರಿನ ಗಿರಾಕಿಯೊಬ್ಬರು ಚಿತ್ರ ಕಳುಹಿಸಿದರು. ತಪ್ಪು ಯಾರದೆಂದು ಚರ್ಚಿಸದೆ ಇವಳು ಮರುದಿನವೇ ಇನ್ನೊಂದನ್ನು ಕಳುಹಿಸಿದಳು. ಆ ಮಹಾತಾಯಿ ತಮ್ಮ ಬೀದಿಯ ನಾಲ್ಕು ಮನೆಗಳನ್ನು ಇವಳಿಗೆ ಗಂಟುಹಾಕಿದರು.

ಹಸೆ ಚಿತ್ತಾರದ ವಿಷಯದಲ್ಲಿಯೂ ಈ ಮಾತು ಸಲ್ಲುತ್ತದೆ. ಅಕ್ಕಿಹಿಟ್ಟಿನ ಬಿಳುಪು, ಕೆಮ್ಮಣ್ಣಿನ ಕೆಂಪು, ಸುಟ್ಟ ಅಕ್ಕಿಯ ಕಪ್ಪು, ಗುರಿಗೆಕಾಯಿಯ ಹಳದಿಗಳನ್ನು ಪುಂಡಿನಾರಿನ ಕುಂಚದಿಂದ ಎಳೆಯುವ ದೀವರ ಹೆಣ್ಣುಮಕ್ಕಳು ಮದುವೆಯ ಗೋಡೆಗೂ ಭೂಮಿ ಹುಣ್ಣಿಮೆಯ ಬುಟ್ಟಿಗೂ ಬರೆಯುತ್ತಿದ್ದ ಈ ಕಲೆ ಇಂದು ಬಟ್ಟೆ, ಹಲಗೆ, ಕಾಗದಗಳ ಮೇಲೆ ಇಳಿದು ಮೊಬೈಲಿನ ಚಿತ್ರಗಳ ಮೂಲಕ ದೂರದ ಮನೆಗಳನ್ನು ಸೇರುತ್ತಿದೆ. ಇಲ್ಲಿ ಮುಗಿದ ಚಿತ್ರಕ್ಕಿಂತಲೂ ಕುಂಚ ಹಿಡಿದ ಕೈಯ ಚಿತ್ರ ಹೆಚ್ಚು ಮಾತನಾಡುತ್ತದೆ. ಯಂತ್ರದ ಅಚ್ಚಿಗೆ ತೋರಿಸಲಾಗದುದು ಅದೊಂದೇ.

ಗೂಗಲ್ ನಕ್ಷೆಯಲ್ಲಿ ಮನೆಯ ಗುರುತನ್ನು ಉಚಿತವಾಗಿ ಹಾಕಿಸಿಕೊಳ್ಳುವುದು, ಗಿರಾಕಿಯ ಅನುಮತಿ ಪಡೆದು ಅವರ ಮೆಚ್ಚುಗೆಯನ್ನು ಹಂಚುವುದು, ಇವೆಲ್ಲ ಒಳ್ಳೆಯವೇ. ಆದರೆ ಕೇಳದವರಿಗೆ ಪ್ರತಿದಿನ ಬೆಳಿಗ್ಗೆ ಶುಭೋದಯದೊಡನೆ ದರಪಟ್ಟಿಯನ್ನು ಕಳುಹಿಸುವುದನ್ನೂ, ಬೇರೆಯವರ ಚಿತ್ರವನ್ನು ತನ್ನದೆಂದು ತೋರಿಸುವುದನ್ನೂ ನಾನು ಖಂಡಿತವಾಗಿ ಒಪ್ಪಲಾರೆ. ಮೊದಲನೆಯದು ನೆರೆಯವರ ಸಹನೆಯನ್ನು ಸವೆಸುತ್ತದೆ, ಎರಡನೆಯದು ಊರಿನ ಹೆಸರನ್ನೇ ಕೆಡಿಸುತ್ತದೆ. ನೆರೆಯ ಶಿರಸಿಯ ಅಡಕೆಗೆ 2019ರಲ್ಲಿ ಭೌಗೋಳಿಕ ಸೂಚಕದ ಮಾನ್ಯತೆ ದೊರೆತುದನ್ನು ನೆನೆದರೆ, ಊರಿನ ಹೆಸರೆಂಬುದು ಎಲ್ಲರೂ ಕೂಡಿ ಕಾಯಬೇಕಾದ ಆಸ್ತಿಯೆಂಬುದು ಸ್ಪಷ್ಟವಾಗುತ್ತದೆ.

ಈ ಲೇಖನವನ್ನು ಓದುತ್ತಿರುವವರಲ್ಲಿ ನನ್ನದೊಂದು ವಿಜ್ಞಾಪನೆಯಿದೆ. ಸೊರಬದಿಂದಲೋ ಶಿಕಾರಿಪುರದಿಂದಲೋ ನಿಮ್ಮ ಮನೆಗೆ ಇಂತಹ ಪೆಟ್ಟಿಗೆಯೊಂದು ಬಂದು, ಒಳಗಿನ ವಸ್ತು ನಿಮಗೆ ಮೆಚ್ಚುಗೆಯಾದರೆ, ಹಣ ಸಂದಾಯವಾಯಿತೆಂದು ಸುಮ್ಮನಾಗಬೇಡಿ. ಅದನ್ನು ಮಾಡಿದ ಕೈಗೆ ಎರಡು ಸಾಲು ಬರೆಯಿರಿ, ಪಕ್ಕದ ಮನೆಯವರಿಗೆ ಒಂದು ಚಮಚ ಬಡಿಸಿ, ಊರಿನ ಹೆಸರನ್ನು ಹೇಳಿ.