ಚಿಕಿತ್ಸಾಕಾಲದಲ್ಲಿ ಪಶುಗಳ ಭೀತಿಯೂ ಅದನ್ನು ತಗ್ಗಿಸುವ ಔಷಧಗಳೂ

ಚಿಕಿತ್ಸೆಗಾಗಿ ತಂದ ಎತ್ತನ್ನು ನಾಲ್ಕಾರು ಆಳುಗಳು ಕೂಡಿ ಹಗ್ಗ ಹಾಕಿ ಕೆಡಹುವುದು ಗ್ರಾಮಗಳಲ್ಲಿ ಬಹುಕಾಲದಿಂದ ಬಂದಿರುವ ಪದ್ಧತಿ. ಹೀಗೆ ಕೆಡಹುವಾಗ ಕೊಂಬು ಮುರಿಯುವುದೂ, ಆಳುಗಳಿಗೆ ಗಾಯವಾಗುವುದೂ ಉಂಟು. ಒಮ್ಮೆ ಹೆದರಿದ ಪ್ರಾಣಿಯು ಮುಂದೆ ಆ ಸ್ಥಳವನ್ನು ಕಂಡೊಡನೆಯೇ ಬೆದರುವುದು. ಈ ಭೀತಿಯನ್ನು ತಗ್ಗಿಸುವ ಔಷಧಗಳು ಈಗ ಉಪಯೋಗದಲ್ಲಿವೆ. ಆದರೆ ಅವುಗಳ ಫಲವು ವೈದ್ಯರ ಕೈಯಲ್ಲಿರುವಷ್ಟೇ ಒಡೆಯರ ಕೈಯಲ್ಲಿಯೂ ಇರುವುದು.

ದನಗಳಿಗೆ ಸಾಮಾನ್ಯವಾಗಿ ಕೊಡುವುದು 1962ರಲ್ಲಿ ಜರ್ಮನಿ ದೇಶದಲ್ಲಿ ಮೊದಲು ತಯಾರಾದ ಝೈಲಜೀನ್ ಎಂಬ ಔಷಧ. ಇದು ನರಗಳ ಉದ್ರೇಕವನ್ನು ತಗ್ಗಿಸಿ, ಪ್ರಾಣಿಗೆ ತೂಕಡಿಕೆಯನ್ನು ತಂದು, ಮಾಂಸಖಂಡಗಳನ್ನು ಸಡಿಲಿಸುವುದು. ಕುದುರೆಗೆ ಬೇಕಾಗುವ ಪ್ರಮಾಣದ ಸುಮಾರು ಹತ್ತನೆಯ ಒಂದು ಭಾಗವೇ ದನಕ್ಕೆ ಸಾಕು. ಆದುದರಿಂದ ಪಶುವೈದ್ಯರಲ್ಲದವರು ಇದನ್ನು ಕೊಡುವುದು ಪ್ರಾಣಾಪಾಯಕರ. ಇದರಿಂದ ನೋವು ಪೂರ್ಣವಾಗಿ ಅಡಗದು. ಶಸ್ತ್ರಚಿಕಿತ್ಸೆಗೆ ಆ ಭಾಗವನ್ನು ಮರಗಟ್ಟಿಸುವ ಔಷಧವೂ ಅವಶ್ಯಕ.

ಒಡೆಯರು ಗಮನಿಸತಕ್ಕ ಅಂಶಗಳಾವುವೆಂದರೆ:

1. ಹಸುವು ಗಬ್ಬವಾಗಿದ್ದರೆ ಎಷ್ಟು ತಿಂಗಳೆಂಬುದನ್ನು ಮೊದಲೇ ತಿಳಿಸಬೇಕು. ದಿನ ತುಂಬುತ್ತಿರುವ ಹಸುವು ಈ ಔಷಧದಿಂದ ಕಂದು ಹಾಕುವ ಸಂಭವವುಂಟು.

2. ಮೇವು ನೀರುಗಳನ್ನು ಎಷ್ಟು ಹೊತ್ತು ಮುಂಚೆ ನಿಲ್ಲಿಸಬೇಕೆಂಬುದನ್ನು ವೈದ್ಯರಿಂದ ತಿಳಿದು ಅದರಂತೆ ನಡೆಯಬೇಕು. ಔಷಧದಿಂದ ಹೊಟ್ಟೆಯ ಚಲನೆ ಮಂದವಾಗಿ ಉಬ್ಬರವುಂಟಾಗಬಹುದು. ಮೇವು ಬಾಯಿಗೆ ಮರಳಿ ಶ್ವಾಸನಾಳವನ್ನು ಸೇರಿದರೆ ಪ್ರಾಣಿ ಸಾಯಲೂಬಹುದು.

3. ಪ್ರಾಣಿಯನ್ನು ಹೊಡೆದು ಬಡಿದು ತರಕೂಡದು. ಬೆದರಿದ ಪ್ರಾಣಿಗೆ ಔಷಧವು ಸರಿಯಾಗಿ ಹತ್ತುವುದಿಲ್ಲ. ಮುಂಚಿತವಾಗಿ ಕರೆತಂದು ನೆರಳಿನಲ್ಲಿ ಕಟ್ಟಬೇಕು. ಔಷಧ ಕೊಟ್ಟಮೇಲೆ ಅದು ಹತ್ತುವವರೆಗೆ ಗದ್ದಲವಿಲ್ಲದೆ ಬಿಡಬೇಕು.

4. ಮಲಗಿದ ದನವನ್ನು ಎದೆಯ ಮೇಲೆ ಕೂರುವಂತೆ ಆನಿಸಿ, ಜೊಲ್ಲು ಹೊರಕ್ಕೆ ಹರಿಯುವಂತೆ ಮೂತಿಯನ್ನು ತಗ್ಗಿಸಿಡಬೇಕು. ಪೂರ್ಣ ಎಚ್ಚರವಾಗುವವರೆಗೆ ಮೇವು ನೀರು ಕೊಡಕೂಡದು. ಹಾಲನ್ನು ಎಂದಿನಿಂದ ಬಳಸಬಹುದೆಂಬುದನ್ನು ವೈದ್ಯರನ್ನೇ ಕೇಳಬೇಕು.

ಕಾವಲು ನಾಯಿಗಳ ಭೀತಿಗೆ ಗ್ಯಾಬಪೆಂಟಿನ್, ಟ್ರಾಜೊಡೋನ್ ಮೊದಲಾದ ಔಷಧಗಳನ್ನು ವೈದ್ಯರ ಹೇಳಿಕೆಯಂತೆ ಹೊರಡುವ ಮುನ್ನ ಮನೆಯಲ್ಲಿಯೇ ಕೊಡಬಹುದು. ಏಸಿಪ್ರೊಮಜೀನ್ ಎಂಬ ಮತ್ತೊಂದು ಔಷಧವು ನಾಯಿಯ ಮೈಯನ್ನು ಸ್ತಬ್ಧಗೊಳಿಸಿದರೂ ಒಳಗಿನ ಭಯವನ್ನು ಉಳಿಸಬಹುದು. ಆದುದರಿಂದ ಅಲುಗದ ಪ್ರಾಣಿಯೆಲ್ಲವೂ ಭಯವಿಲ್ಲದ ಪ್ರಾಣಿಯೆಂದು ತಿಳಿಯಕೂಡದು.

ಗ್ರಾಮದ ಮುಖಂಡರು ಈ ಸಂಗತಿಗಳನ್ನು ತಮ್ಮ ರೈತರಿಗೆ ತಿಳಿಯಹೇಳಬೇಕು. ಗಬ್ಬದ ತಿಂಗಳನ್ನೂ ಮೇಯಿಸಿದ ಹೊತ್ತನ್ನೂ ಮರೆಮಾಚದೆ ಹೇಳಿದರೆ, ಒಂದು ಕುಟುಂಬದ ಜೀವನಾಧಾರವಾದ ಹಸುವೇ ಉಳಿಯಬಹುದು.