ಸಾರಿಗೆ, ಸಾಗಣೆ, ವಿಹಾರ: ಯಾವ ಪದ ಎಲ್ಲಿ?

ಇಂಗ್ಲಿಷಿನ ‘ಟ್ರಾನ್ಸ್‌ಪೋರ್ಟೇಶನ್’ ಪದಕ್ಕೆ ಕನ್ನಡದಲ್ಲಿ ಒಂದೇ ಪದ ಸಾಲದು. ಜನರ ಓಡಾಟಕ್ಕೆ ವಾಹನ ಒದಗಿಸುವ ವ್ಯವಸ್ಥೆ ಸಾರಿಗೆ. ಸರಕನ್ನು ಒಂದೆಡೆಯಿಂದ ಇನ್ನೊಂದೆಡೆಗೆ ಒಯ್ಯುವುದು ಸಾಗಣೆ. ಸಾಗಾಟವೂ ಅದೇ ಅರ್ಥದ ಪದವಾದರೂ ಪತ್ರಿಕೆಗಳಲ್ಲಿ ‘ಅಕ್ರಮ’ದ ಜೊತೆಗೇ ಹೆಚ್ಚಾಗಿ ಕಾಣಿಸುತ್ತದೆ.

ಜೋಯಿಡಾ ತಾಲ್ಲೂಕಿನ ಉಳವಿ ಶರಣ ಚನ್ನಬಸವಣ್ಣನವರು ಐಕ್ಯರಾದ ಕ್ಷೇತ್ರ. ಭಾರತ ಹುಣ್ಣಿಮೆಯ ಜಾತ್ರೆಗೆ ಬೆಳಗಾವಿ, ಧಾರವಾಡ ಕಡೆಯ ರೈತ ಕುಟುಂಬಗಳು ಇಂದಿಗೂ ಚಕ್ಕಡಿ ಹೂಡಿಕೊಂಡು ಕಾಡುದಾರಿಯಲ್ಲಿ ಬರುತ್ತವೆ. ಚಕ್ಕಡಿಯಲ್ಲಿ ಮನೆಮಂದಿಯೂ ಇರುತ್ತಾರೆ, ರೊಟ್ಟಿಬುತ್ತಿ, ಎತ್ತಿನ ಮೇವೂ ಇರುತ್ತವೆ. ಸಾರಿಗೆ, ಸಾಗಣೆ ಎರಡೂ ಅದೇ. ಅದೇ ತಾಲ್ಲೂಕಿನಿಂದ ಲಾರಿಯಲ್ಲಿ ಹೋದ ಮರಮಟ್ಟು, ಮ್ಯಾಂಗನೀಸ್ ಅದಿರಿನದು ಬರೀ ಸಾಗಣೆ.

ಬ್ರಿಟಿಷರ ಕಾಲದ ನ್ಯಾಯಾಲಯದ ಕಾಗದಗಳಲ್ಲಿ ಈ ಇಂಗ್ಲಿಷ್ ಪದ ಕಂಡರೆ ಅದು ವಾಹನದ ಮಾತಲ್ಲ, ಗಡೀಪಾರು. ಜನ ಹೇಳುತ್ತಿದ್ದ ಕರಿನೀರಿನ ಶಿಕ್ಷೆ. 1955ರ ತಿದ್ದುಪಡಿಯಿಂದ ದಂಡಸಂಹಿತೆಯಲ್ಲಿ ಅದರ ಜಾಗಕ್ಕೆ ಜೀವಾವಧಿ ಸೆರೆವಾಸ ಬಂತು.

ಜೈನರಿಗೆ ಮುಖ್ಯವಾದ ಪದ ವಿಹಾರ. ದಾಂಡೇಲಿಗೆ ಬರುವ ಪ್ರವಾಸಿಗೆ ದೋಣಿ ವಿಹಾರವೆಂದರೆ ಮೋಜು. ಮುನಿ, ಆರ್ಯಿಕೆಯರ ವಿಹಾರವಾದರೋ ಬರಿಗಾಲಿನ ನಡಿಗೆ. ವಾಹನವೇರದಿರುವುದು ಅವರ ವ್ರತಾಚರಣೆಯ ಭಾಗ. ಈರ್ಯಾಸಮಿತಿಯಂತೆ ಹಗಲಿನ ಬೆಳಕಿನಲ್ಲಿ, ಮುಂದಿನ ನಾಲ್ಕು ಮೊಳ ನೆಲ ನೋಡುತ್ತ, ಜೀವಹಿಂಸೆಯಾಗದಂತೆ ಹೆಜ್ಜೆಯಿಡಬೇಕು. ಮಳೆಗಾಲದಲ್ಲಿ ಚಾತುರ್ಮಾಸ, ಒಂದೇ ಕಡೆ ವಾಸ. ಭಟ್ಟಾರಕರು ವಾಹನದಲ್ಲಿ ಸಂಚರಿಸುತ್ತಾರೆ, ಅವರ ವಿಷಯದಲ್ಲಿ ‘ಪ್ರವಾಸ’ ಎಂದರೆ ಸರಿ.

ಹಾಗಾಗಿ ‘ಮುನಿಶ್ರೀಗಳ ಸಾರಿಗೆ ವ್ಯವಸ್ಥೆ’ ಎಂದು ಪ್ರಕಟಣೆಯಲ್ಲಿ ಅಚ್ಚಾದರೆ ಅದು ಬರೀ ಪದದ ತಪ್ಪಲ್ಲ. ಸಾರಿಗೆಯ ಲೆಕ್ಕ ಗಂಟೆಯಲ್ಲಿ, ವಿಹಾರದ ಲೆಕ್ಕ ಹೆಜ್ಜೆಯಲ್ಲಿ. ಬಸ್ಸಿಗೆ ಒಂದೆರಡು ತಾಸಿನ ದಾರಿ ನಡೆಯುವವರಿಗೆ ಹಲವು ದಿನಗಳದು. ಜೋಯಿಡಾದಂಥ ಕಡೆ ಊರಿಂದೂರು ದೂರ, ನಡುವೆ ಕಾಡು. ಕತ್ತಲಾಗುವ ಮೊದಲು ತಲುಪಬಹುದಾದ ತಂಗುದಾಣ, ಆಹಾರಕ್ಕೆ ಚೌಕ, ಕಮಂಡಲಕ್ಕೆ ಕಾಯಿಸಿದ ನೀರು ಮೊದಲೇ ಗೊತ್ತಾಗಿರಬೇಕು. ದೇಶದ ಹೆದ್ದಾರಿಗಳಲ್ಲಿ ವಿಹಾರದಲ್ಲಿದ್ದ ಸಾಧು–ಸಾಧ್ವಿಯರು ವಾಹನ ಬಡಿದು ಪ್ರಾಣ ಕಳೆದುಕೊಂಡದ್ದೂ ಉಂಟು. ಹಿಂದೆ ಮುಂದೆ ಶ್ರಾವಕರು ನಡೆಯುವುದು ಬರೀ ಗೌರವಕ್ಕಲ್ಲ.

ಚೌಕದ ಸಾಮಾನು ಹೊತ್ತ ವ್ಯಾನಿನದು ಸಾಗಣೆ; ದರ್ಶನಕ್ಕೆ ಬರುವ ಶ್ರಾವಕರ ಬಸ್ಸಿನದು ಸಾರಿಗೆ. ಪ್ರಕಟಣೆಯಲ್ಲಿ ‘ಮಂಗಲ ವಿಹಾರ’ ಎಂದು ಬರೆದು, ಅದರ ಕೆಳಗೆ ‘ಶ್ರಾವಕರಿಗೆ ಸಾರಿಗೆ ವ್ಯವಸ್ಥೆ ಇದೆ’ ಎಂದು ಬೇರೆ ಸಾಲಿನಲ್ಲಿ ಹಾಕಿದರೆ ಗೊಂದಲವಿಲ್ಲ.