ಅಡಿಕೆಯ ಕೊಳೆರೋಗ ಮತ್ತು ನ್ಯಾನೊ ತಾಮ್ರ

ಸಾಗರ, ಹೊಸನಗರ ಹಾಗೂ ತೀರ್ಥಹಳ್ಳಿ ತಾಲ್ಲೂಕುಗಳ ಅಡಿಕೆ ತೋಟಗಳಲ್ಲಿ ಮುಂಗಾರಿನೊಡನೆ ಕೊಳೆರೋಗದ ಭಯವೂ ಬರುತ್ತದೆ. ಇದಕ್ಕೆ ಬೋರ್ಡೋ ದ್ರಾವಣ ತಕ್ಕ ಮದ್ದೆಂದು ಮೈಸೂರು ಸಂಸ್ಥಾನದ ವಿಜ್ಞಾನಿ ಡಾ. ಲೆಸ್ಲಿ ಕೋಲ್‌ಮನ್ ಶತಮಾನದ ಹಿಂದೆಯೇ ತೋರಿಸಿಕೊಟ್ಟರು. ಇದರಲ್ಲಿ ರೋಗಾಣುವನ್ನು ತಡೆಯುವುದು ತಾಮ್ರ. ಅದರ ಕಣಗಳನ್ನು ಇನ್ನೂ ಕಿರಿದು ಮಾಡಿದರೆ ಪ್ರಯೋಜನವೇನು?

ನ್ಯಾನೊಮೀಟರ್ ಎಂದರೆ ಮೀಟರಿನ ನೂರು ಕೋಟಿಯಲ್ಲೊಂದು ಭಾಗ. ಇಂಥ ಅಳತೆಯ ವಸ್ತುಗಳ ಸಂಶೋಧನೆಗಾಗಿಯೇ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 2010ರಲ್ಲಿ ಪ್ರತ್ಯೇಕ ಕೇಂದ್ರ ಆರಂಭವಾಯಿತು. 1 ಸೆಂ.ಮೀ. ಘನದ ಮೇಲ್ಮೈ 6 ಚದರ ಸೆಂ.ಮೀ. ಅದನ್ನೇ 100 ನ್ಯಾನೊಮೀಟರಿನ ಘನಗಳಾಗಿ ಒಡೆದರೆ ಒಟ್ಟು ಮೇಲ್ಮೈ 60 ಚದರ ಮೀಟರ್ ಆಗುತ್ತದೆ. ಆದ್ದರಿಂದ ಕಡಿಮೆ ತಾಮ್ರವೇ ಸಾಕಾಗಬಹುದೆಂಬುದು ಸಂಶೋಧಕರ ನಿರೀಕ್ಷೆ. ತಾಮ್ರವು ಮಣ್ಣಿನಲ್ಲಿ ಕರಗಿ ನಾಶವಾಗದೆ ವರ್ಷದಿಂದ ವರ್ಷಕ್ಕೆ ಶೇಖರವಾಗುವುದರಿಂದ ಈ ಉಳಿತಾಯ ಮುಖ್ಯ.

ಆದರೆ ಪ್ರಯೋಗಶಾಲೆಯ ಫಲಿತಾಂಶವೇ ತೋಟದ ಫಲಿತಾಂಶವಲ್ಲ. ಮಲೆನಾಡಿನ ಬಿರುಮಳೆಯಲ್ಲಿ ಗೊನೆಗೆ ಅಂಟಿ ನಿಲ್ಲುವ ಗುಣ ಮದ್ದಿಗೆ ಬೇಕು, ಬೋರ್ಡೋಗೆ ಅದಿದೆ. ಆದುದರಿಂದ ‘ನ್ಯಾನೊ’ ಎಂಬ ಹೆಸರನ್ನು ನಂಬಿ ಬೋರ್ಡೋ ಕೈಬಿಡಬಾರದು. 1 ಕಿ.ಗ್ರಾಂ ಮೈಲುತುತ್ತ, 1 ಕಿ.ಗ್ರಾಂ ಸುಣ್ಣ, 100 ಲೀಟರ್ ನೀರಿನಿಂದ ತಯಾರಿಸಿದ ಶೇ. 1ರ ದ್ರಾವಣವನ್ನು ಮಳೆಗಾಲಕ್ಕೆ ಮುಂಚೆ ಒಮ್ಮೆ, 40-45 ದಿನಗಳ ನಂತರ ಮತ್ತೊಮ್ಮೆ ಗೊನೆಗಳಿಗೆ ಸಿಂಪಡಿಸಬೇಕು. ಹೊಸ ಔಷಧಿ ಕೊಳ್ಳುವ ಮೊದಲು ರೈತ ಬಾಂಧವರು ಇರುವಕ್ಕಿಯ ವಿಶ್ವವಿದ್ಯಾಲಯದ ತಜ್ಞರನ್ನು ವಿಚಾರಿಸುವುದು ಒಳ್ಳೆಯದು.